ದೃಷ್ಟಿ ತೆಗೆದ ಉಪ್ಪು

ಪುಟ್ಟನಂಜಮ್ಮನಿಗೆ ಆ ಗಾಜಿನ ತೊಟ್ಟಿಯನ್ನು ಕಂಡರೇ ಹೇಸಿಗೆ. ಮಗ ಮನೋಹರ ಅದನ್ನು ಸತ್ಯಮಂಗಲದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ದೇವರ ಕೋಣೆಗೆ ಎದುರಾಗಿಯೇ ಇಟ್ಟಿದ್ದ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಅಂಥ ಮನೆಯ ನಡುವೆ ಈಗ ಕೆಂಪು ಮೀನೊಂದು ದಾರದಂಥ ಹೇಲನ್ನು ಹಿಂದೆ ಎಳೆದುಕೊಂಡು ತಿರುಗುತ್ತ, ಅದೇ ನೀರನ್ನು ಬಾಯಿ ತೆರೆದು ತೆರೆದು ಕುಡಿಯುತ್ತಿತ್ತು. ಅದು ಬಂದಂದಿನಿಂದ ಅವಳು ಲಿಂಗಪೂಜೆಯನ್ನು ಕೊಟ್ಟಿಗೆಯ ಜಗಲಿಗೆ ಸಾಗಿಸಿದ್ದಳು. ಸಗಣಿಯ ವಾಸನೆ ಎಷ್ಟೋ ಮೇಲು.

ಈಗ ಮೀನಿಗೆ ಕಾಯಿಲೆ. ಮೈಮೇಲೆ ಹಳಸಿದ ಅನ್ನಕ್ಕೆ ಬರುವಂಥ ಬಿಳಿ ಬೂಸಲು, ಬಾಲ ಕೊಳೆತು ಚಿಂದಿ. ಮೊಮ್ಮಗಳು ದಿವ್ಯ ಬೆಳಿಗ್ಗೆ ಅನ್ನ ಮುಟ್ಟದೆ ಸ್ಕೂಲಿಗೆ ಹೋಗಿದ್ದಳು. ಹೋಗುವ ಮುಂಚೆ, ತಾನು ಬರುವ ತನಕ ಅದು ಸಾಯದ ಹಾಗೆ ನೋಡಿಕೊಳ್ಳಬೇಕೆಂದು ಅಜ್ಜಿಯಿಂದ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು.

ಮಗ ಸೊಸೆ ಚಾಮರಾಜನಗರದ ಮದುವೆಗೆ ಹೋಗಿದ್ದರು. ಸೊಸೆ ಲೋಕೇಶ್ವರಿ ಅಲ್ಲಿಂದ ಫೋನು ಮಾಡಿ, ಮೀನಿನ ಅಂಗಡಿಯವನು ಹೇಳಿದ್ದನ್ನು ಒಪ್ಪಿಸಿದಳು: ಒಂದು ಹಿಡಿ ಕಲ್ಲುಪ್ಪನ್ನು ನೀರಿಗೆ ಹಾಕಿದರೆ ಬೂಸಲು ಬಿಡುತ್ತದಂತೆ.

"ಉಣ್ಣ ಉಪ್ಪ ಆ ಗಲೀಜ್ಗ ಆಕದಾ?"

"ಆಕ್ಬುಡಿ ಅತ್ತೆ. ಇಲ್ದಿದ್ರ ಸಂಜ ನಿಮ್ ಮೊಮ್ಮಗಳ ನೀವೇ ಸಮಾಧಾನ ಮಾಡಿ."

ಅಡಿಗೆಮನೆಯ ಉಪ್ಪಿನ ಮಡಕೆಯನ್ನು ಪುಟ್ಟನಂಜಮ್ಮ ಮುಟ್ಟಲಿಲ್ಲ. ದನದ ಕಲಗಚ್ಚಿಗೆ ಹಾಕುವ ಚೀಲದಿಂದ ಹಿಡಿ ತುಂಬಿಕೊಂಡು, ಮೂಗಿಗೆ ಸೆರಗು ಒತ್ತಿ, ತೊಟ್ಟಿಯ ಮುಂದೆ ನಿಂತಳು. ಹಿಡಿಯಲ್ಲಿ ಉಪ್ಪು, ಎದುರಿಗೆ ಕಾಯಿಲೆ ಬಿದ್ದ ಜೀವ. ಎಷ್ಟೋ ಮಕ್ಕಳಿಗೆ ದೃಷ್ಟಿ ತೆಗೆದ ಕೈ ಅದು. ತನ್ನ ಪಾಡಿಗೆ ತಾನು ತೊಟ್ಟಿಯ ಮೇಲೆ ಮೂರು ಸುತ್ತು ಸುಳಿಯಿತು. ಬಾಯಿ, ಕಂಡವರ ಕಣ್ಣು ಬಂದವರ ಕಣ್ಣು ಎಂದು ಗೊಣಗಿತು. ಉಪ್ಪು ನೀರಿಗೆ ಬಿತ್ತು.

ಬಿದ್ದ ಮೇಲೆ ತಾನು ಮಾಡಿದ್ದು ಅರಿವಾಯಿತು. ದೃಷ್ಟಿ ತೆಗೆದ ಉಪ್ಪು ಕರಗಿದ ನೀರಿಗೆ ಯಾರೂ ಬೆರಳು ಅದ್ದುವುದಿಲ್ಲ. ಯಾರೂ ತುಳಿಯದ ಕಡೆ ಚೆಲ್ಲುತ್ತಾರೆ. ಮೈಯಿಂದ ತೆಗೆದ ಪೀಡೆಯೆಲ್ಲ ಅದರಲ್ಲಿ ಇಳಿದಿರುತ್ತದೆ. ಆ ನೀರೊಳಗೇ ಮೀನು ಕೂತಿತ್ತು. ನೋಡುತ್ತಿದ್ದಂತೆಯೇ ಓರೆಯಾಗಿ ವಾಲಿತು.

ತೊಟ್ಟಿಯ ಜೊತೆ ಬಂದಿದ್ದ ಪುಟ್ಟ ಬಲೆ ಹುಡುಕಿದಳು, ಸಿಗಲಿಲ್ಲ. ಅಡಿಗೆಯ ಸೌಟನ್ನು ಅದಕ್ಕೆ ಅದ್ದುವುದುಂಟೇ. ಕೊನೆಗೆ ಲಿಂಗ ಹಿಡಿಯುವ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಿವಾ ಶಿವಾ ಎನ್ನುತ್ತ ಬಲಗೈಯನ್ನು ಮೊಣಕೈವರೆಗೂ ಇಳಿಸಿದಳು. ತಳದ ಪಾಚಿ ಬೆರಳಸಂದಿಗೆ ನುಗ್ಗಿತು. ಮೀನು ಸಿಂಬಳದ ಹಾಗೆ ಜಾರಿತು, ಮತ್ತೆ ಸಿಕ್ಕಿತು, ಮುಷ್ಟಿಯೊಳಗೆ ಮಿಸುಕಿತು. ಆ ಮಿಸುಕಾಟ ತೋಳಿನುದ್ದಕ್ಕೂ ಹತ್ತಿ ಗಂಟಲಿಗೆ ಬಂತು. ದನ ಕುಡಿಯುವ ಬೇಸಿನ್ನಿನ ಹೊಸ ನೀರಿಗೆ ಅದನ್ನು ಬಿಟ್ಟವಳೇ ಅಂಗೈ ನೋಡಿಕೊಂಡಳು. ಬಿಳಿ ಬೂಸಲು ಕೈಗೆ ಮೆತ್ತಿಕೊಂಡಿತ್ತು. ಹಿತ್ತಲಿಗೆ ಓಡಿ ಉಂಡದ್ದನ್ನೆಲ್ಲ ಕಾರಿಕೊಂಡಳು.

ತೊಟ್ಟಿಯ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಕಳ್ಳಿಬೇಲಿಯ ಆಚೆ ಚೆಲ್ಲಿದಳು. ಬೇಸಿನ್ನಿಗೆ ಎರಡನೆಯ ಹಿಡಿ ಉಪ್ಪು ಹಾಕುವಾಗ ಕೈಯನ್ನು ನೆಟ್ಟಗಿಟ್ಟು, ತುಟಿ ಬಿಗಿದುಕೊಂಡಿದ್ದಳು. ಆಮೇಲೆ ಹುಣಸೆಹಣ್ಣು, ಬೂದಿ, ಸೀಗೆಪುಡಿ ಹಾಕಿ ಬಲಗೈ ಉಜ್ಜಿದಳು. ಮೂಸಿದಳು. ಮತ್ತೆ ಉಜ್ಜಿದಳು.

ಸಂಜೆ ದಿವ್ಯ ಚೀಲ ಎಸೆದು ಬೇಸಿನ್ನಿನ ಮುಂದೆ ಕುಕ್ಕರಿಸಿದಳು. ಮೀನು ನೆಟ್ಟಗೆ ನಿಂತು ಕಿವಿರು ಆಡಿಸುತ್ತಿತ್ತು.

"ಅಜ್ಜಿ, ನೀನೇ ಎತ್ತುದ್ಯಾ? ಕೈಲಿ?"

"ಇನ್ಯಾರ್ ಎತ್ತರು, ನಿಮ್ಮಪ್ಪನಾ?"

"ಮೆತ್ಗಿತ್ತಾ?"

ಪುಟ್ಟನಂಜಮ್ಮ ಮತ್ತೆ ಹಿತ್ತಲಿಗೆ ಓಡಿದಳು.

ತಿರುಗಿ ಬಂದಾಗ ಮೊಮ್ಮಗಳು ತಟ್ಟೆ ಹಾಕಿಕೊಂಡು ಕೂತಿದ್ದಳು. ಅಜ್ಜಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು. ಎಡಗೈಯಲ್ಲಿ ಅನ್ನ ಬಡಿಸಿದಳು.