ಎಡಗಡೆಯ ಗುಂಡಿ

ಕ್ಯಾಪ್ಟನ್ ಸಾಹೇಬರಿಗೆ ಕಂಪನಿಯವರು ಬೆನ್ನ ಹಿಂದೆ ಇಟ್ಟ ಹೆಸರು ಚಿಟಿಕೆ. ಎದುರಿಗೆ ಕರೆದಿದ್ದರೂ ಅವರು ಹಿಗ್ಗುತ್ತಿದ್ದರೇ ಹೊರತು ಸಿಟ್ಟಾಗುತ್ತಿರಲಿಲ್ಲ. ಚಿಟಿಕೆ ಹೊಡೆಯುವಷ್ಟರಲ್ಲಿ ನಿರ್ಧಾರ ತೆಗೆದುಕೊಳ್ಳದವನು ಪೈಲಟ್ಟೇ ಅಲ್ಲ ಅನ್ನುವುದು ಅವರ ಸಿದ್ಧಾಂತ.

ಹದಿನೆಂಟು ವರ್ಷದಿಂದ ಅವರು ಬೇರೆ ಪೈಲಟ್‌ಗಳ ಪರೀಕ್ಷಕರೂ ಆಗಿದ್ದರು. ತರಬೇತಿ ಕೇಂದ್ರದ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲ ಬಿಟ್ಟು ಏಳದ ಆ ನಕಲಿ ವಿಮಾನದಲ್ಲಿ, ಹಿಂದಿನ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುವುದು, ವಿಮಾನ ಇನ್ನೇನು ಏಳಬೇಕು ಅನ್ನುವಾಗ ಗುಂಡಿ ಒತ್ತಿ ಒಂದು ಎಂಜಿನ್ ಕೆಡಿಸುವುದು, ಕೆಟ್ಟಿದ್ದು ಯಾವುದೆಂದು ಕೇಳುವುದು, ಇದು ಕೆಲಸ. ಗುಂಡಿಗಳು ಎರಡು. ಎಡ ಎಂಜಿನ್ನಿನದು ಕೈಗೆ ಹತ್ತಿರ. ಬಲದ್ದರ ಮುಂದೆ ಅವರ ಕಾಫಿ ಫ್ಲಾಸ್ಕ್. ಅದನ್ನು ಸರಿಸುವ ತಾಪತ್ರಯ ಯಾರಿಗೆ ಬೇಕು? ಹದಿನೆಂಟು ವರ್ಷ ಎಡ ಎಂಜಿನ್ನೇ ಕೆಟ್ಟಿತು.

ಪರೀಕ್ಷೆಗೆ ಬರುವವರೇನು ಪೆದ್ದರೇ? ಎರಡು ಸಲ ಬಂದು ಹೋದ ಮೇಲೆ ಮೀಟರ್ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಸಾಹೇಬರು ಚಿಟಿಕೆ ಹೊಡೆದರೆ ಸಾಕು, "ಎಡ, ಸರ್!" ಅನ್ನುತ್ತಿದ್ದರು. ಸಾಹೇಬರ ಕಣ್ಣಿಗೆ ಅದು ಶಿಸ್ತು.

ಈ ಶಿಸ್ತಿಗೆ ಕಲ್ಲು ಹಾಕಿದವಳು ಹೊಸ ಕೋ-ಪೈಲಟ್ ಹುಡುಗಿ. ಅವಳು "ನೋಡ್ತೀನಿ ಸರ್" ಅಂದು ಏಳು ಸೆಕೆಂಡು ಮೀಟರ್ ನೋಡಿದ್ದಳು.

"ಎಡಾನೇ ಅಂತ ಎಲ್ರಿಗೂ ಗೊತ್ತಲ್ಲಮ್ಮ. ಅಷ್ಟು ಹೊತ್ತು ಏನು ನೋಡ್ತಾ ಇದ್ದೆ?" ಅಂದವರೇ ಸಾಹೇಬರು ಫಾರಂ ಮೇಲೆ ಷರಾ ಬರೆದಿದ್ದರು: "ನಿರ್ಧಾರದಲ್ಲಿ ನಿಧಾನ." ಅದೇ ಷರಾ ಇನ್ನೊಂದು ಸಲ ಬಿದ್ದರೆ ಅವಳ ಕೆಲಸ ಹೋದಂತೆಯೇ ಲೆಕ್ಕ.

ಆ ಇನ್ನೊಂದು ಸಲ ಇವತ್ತೇ ಬಂದಿತ್ತು. ನಿಜವಾದ ವಿಮಾನ, ನೂರ ಅರವತ್ತು ಜನ ಪ್ರಯಾಣಿಕರು. ಓಡಿಸುವವಳು ಅವಳು, ಪಕ್ಕದಲ್ಲಿ ಕೂತು ಅಳೆಯುವವರು ಸಾಹೇಬರು. ಬೆಳಿಗ್ಗೆ ಸಿಬ್ಬಂದಿ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಅವರಿಗೆ ಹತ್ತು ನಿಮಿಷ ಬಿಡುವಿತ್ತು. ಸುಮ್ಮನೆ ಯಾಕೆ ಕೂರಬೇಕು ಅಂತ ಫಾರಂ ಆಗಲೇ ತುಂಬಿ, ಸಹಿ ಹಾಕಿ, ಚೀಲಕ್ಕೆ ಸೇರಿಸಿದ್ದರು. ಷರಾ ಏನೆಂದು ನಾನು ಬೇರೆ ಹೇಳಬೇಕೆ?

ವಿಮಾನ ರನ್‌ವೇ ಮೇಲೆ ಓಡಿತು. ಇನ್ನು ನಿಲ್ಲಿಸುವಂತಿಲ್ಲ, ಏಳಲೇಬೇಕು ಅನ್ನುವ ವೇಗ ದಾಟಿತು. ಆಗಲೇ ಢಬ್ ಅಂತ ಸದ್ದು. ಮೂತಿ ಬಲಕ್ಕೆ ಎಳೆಯಿತು. ಹುಡುಗಿ ಕಾಲಲ್ಲಿ ಪೆಡಲ್ ಒತ್ತಿ ಅದನ್ನು ನೇರಕ್ಕೆ ತಂದು, ಮೆಲ್ಲಗೆ ಮೇಲೆತ್ತಿದಳು. ಚಕ್ರಗಳು ನೆಲ ಬಿಟ್ಟವು.

"ಎಡ!" ಅಂದಿತು ಸಾಹೇಬರ ಬಾಯಿ. ಕಣ್ಣು ಇನ್ನೂ ಮೀಟರ್ ಕಡೆ ಹೋಗಿಯೇ ಇರಲಿಲ್ಲ.

ಸಾಕಷ್ಟು ಎತ್ತರ ಬಂದ ಮೇಲೆ ಕೆಟ್ಟ ಎಂಜಿನ್ ಬಂದ್ ಮಾಡಬೇಕು. ಅದಕ್ಕೊಂದು ನಿಯಮವಿದೆ: ಒಬ್ಬರು ಲಿವರ್ ಮೇಲೆ ಕೈಯಿಟ್ಟು ಕೇಳಬೇಕು, ಇನ್ನೊಬ್ಬರು ನೋಡಿ ಹೂಂ ಅನ್ನಬೇಕು. ಸಾಹೇಬರು ಎಡ ಲಿವರ್ ಹಿಡಿದರು.

"ಎಡ ಎಂಜಿನ್ ಬಂದ್ ಮಾಡ್ತಿದೀನಿ. ಹೂಂ ಅನ್ನು."

"ನೋಡ್ತೀನಿ ಸರ್."

"ಅಯ್ಯೋ ದೇವ್ರೇ, ಇಲ್ಲೂ ಅದೇನಾ!" ಸಾಹೇಬರು ಇನ್ನೊಂದು ಕೈಯಲ್ಲಿ ಚಿಟಿಕೆ ಹೊಡೆದರು. "ಬೇಗ ಹೇಳಮ್ಮ!"

ಆ ಚಿಟಿಕೆಯ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೂಂ ಅನ್ನಲಿಲ್ಲ.

"ಸರ್, ಒತ್ತಿ ಒತ್ತಿ ನನ್ನ ಎಡಗಾಲು ನಡುಗ್ತಾ ಇದೆ. ಬಲಗಾಲು ಸುಮ್ನೆ ಕೂತಿದೆ. ಕೆಟ್ಟಿರೋದು ಬಲ ಎಂಜಿನ್. ಕೈ ತೆಗೀರಿ ಸರ್."

ಕೆಟ್ಟ ಎಂಜಿನ್ ಯಾವ ಕಡೆಯದೋ ಆ ಕಡೆಯ ಕಾಲಿಗೆ ಕೆಲಸವಿರುವುದಿಲ್ಲ. ಇದು ಮೊದಲ ತಿಂಗಳ ಪಾಠ. ಪ್ರತಿ ತಂಡಕ್ಕೂ ಆ ಪಾಠ ಹೇಳುತ್ತಿದ್ದವರು ಸ್ವತಃ ಸಾಹೇಬರು. ಈಗ ಮೀಟರ್ ನೋಡಿದರು. ಬಲ ಎಂಜಿನ್ ಸತ್ತು ಮಲಗಿತ್ತು. ಅಷ್ಟೂ ಜನರನ್ನು ಹೊತ್ತುಕೊಂಡಿದ್ದ ಒಂದೇ ಒಂದು ಎಂಜಿನ್ನಿನ ಲಿವರ್ ಅವರ ಮುಷ್ಟಿಯಲ್ಲಿತ್ತು. ಕಾದ ಬಾಣಲೆ ಮುಟ್ಟಿದವರ ಹಾಗೆ ಕೈ ಕಿತ್ತುಕೊಂಡರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ಅಷ್ಟು ಹೆದರಿದ್ದು ಅದೇ ಮೊದಲು.

"ಬಲ," ಅಂದರು, ತಮಗೇ ಕೇಳಿಸದಷ್ಟು ಮೆಲ್ಲಗೆ. "ಬಲ ಲಿವರ್ ಹಿಡಿದಿದೀನಿ. ನೋಡಮ್ಮ."

ಅವಳು ನೋಡಿದಳು. "ಹೂಂ, ಸರ್."

ಬಲ ಎಂಜಿನ್ ಬಂದ್ ಮಾಡಿದರು. ವಾಪಸ್ ಹೋಗಿ ಇಳಿಯುತ್ತೇವೆಂದು ಸಾಹೇಬರು ಹಿಂದಕ್ಕೆ ತಿಳಿಸಿದಾಗ ಹಿರಿಯ ಗಗನಸಖಿ, "ಹನ್ನೆರಡನೇ ಸಾಲಿನವರು ಹಾಗಾದ್ರೆ ಕಾಫಿ ಇಲ್ವಾ ಅಂತ ಜಗಳ ತೆಗೆದಿದಾರೆ ಸರ್" ಅಂದಳು. ಹುಡುಗಿ ಒಂದು ಸುತ್ತು ಹಾಕಿ, ಹೂವಿನ ಬುಟ್ಟಿ ಇಳಿಸಿದ ಹಾಗೆ ವಿಮಾನ ಇಳಿಸಿದಳು.

ಸಿಬ್ಬಂದಿ ಕೋಣೆಗೆ ಬರುವಷ್ಟರಲ್ಲಿ ಮ್ಯಾನೇಜರ್ ಫೋನು. "ನಿಮ್ಮ ಆ ಚುರುಕುತನ ಇದೆಯಲ್ಲಾ ಸರ್, ಇವತ್ತು ಎಲ್ಲರನ್ನೂ ಉಳಿಸ್ತು!"

ಸಾಹೇಬರು ಚೀಲದಿಂದ ಫಾರಂ ತೆಗೆದರು. ಹುಡುಗಿಗೆ ಷರಾ ಕಂಡಿತು.

"ಇದನ್ನ ಯಾವಾಗ ಬರೆದ್ರಿ ಸರ್?"

"ಬೆಳಿಗ್ಗೆ."

"ಹೊರಡೋಕೆ ಮುಂಚೇನಾ?"

ಸಾಹೇಬರ ಮುಖ ಇಷ್ಟೇ ಇಷ್ಟಾಯಿತು. ಫಾರಂ ಹರಿದರು. ಹೊಸದರಲ್ಲಿ ಬರೆದರು: "ತಪ್ಪು ಎಂಜಿನ್ ಹೆಸರು ಹೇಳಿದವನು ನಾನು. ನೋಡಿ ತಡೆದವಳು ಈಕೆ. ಪಾಸು."

"ಹೀಗೆ ಬರೆದ್ರೆ ನಿಮ್ಗೆ ತೊಂದ್ರೆ ಆಗುತ್ತೆ ಸರ್."

"ಆಗ್ಲಿ ಬಿಡಮ್ಮ."

ಆಗಿಯೇ ಆಯಿತು. ಅವಳ ಕೆಲಸ ಉಳಿಯಿತು. ಸಾಹೇಬರ ಪರೀಕ್ಷಕ ಕುರ್ಚಿ ಹೋಯಿತು. ಮೇಲಾಗಿ, ಅವರೇ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಕೊಡಬೇಕೆಂದು ಆದೇಶ ಬಂತು. ಹಿಂದಿನ ಕುರ್ಚಿಯಲ್ಲಿ ಕೂತಿದ್ದವನು ಅವರದೇ ಶಿಷ್ಯ. ಗುರುಗಳಿಂದ ಎಲ್ಲವನ್ನೂ ಕಲಿತವನು. ಬಲಗಡೆಯ ಗುಂಡಿಯ ಮುಂದೆ ಅವನ ಫ್ಲಾಸ್ಕ್ ಇತ್ತು.

ನಕಲಿ ವಿಮಾನ ಓಡಿತು, ಢಬ್ ಅಂದಿತು. ಯಾವ ಎಂಜಿನ್ ಎಂದು ಸಾಹೇಬರಿಗೆ ಹೊರಡುವ ಮುಂಚೆಯೇ ಗೊತ್ತಿತ್ತು. ಹಿಂದಿನಿಂದ ಚಿಟಿಕೆಯೂ ಕೇಳಿಸಿತು. ಆದರೂ ಅವರು ತಮ್ಮ ಕಾಲುಗಳನ್ನು ವಿಚಾರಿಸಿಕೊಂಡರು, ಮೀಟರ್‌ಗಳನ್ನು ಒಂದೊಂದಾಗಿ ನೋಡಿದರು. ಏಳು ಸೆಕೆಂಡು ಆಯಿತು.

"ಎಡ," ಅಂದರು.

"ತಪ್ಪು ತಿಳ್ಕೋಬೇಡಿ ಗುರುಗಳೇ," ಅಂದ ಶಿಷ್ಯ, ಪಾಪ, ನಿಜವಾಗಿಯೂ ನೊಂದುಕೊಂಡು. "ಎಡಾನೇ ಅಂತ ಎಲ್ರಿಗೂ ಗೊತ್ತಲ್ಲ. ಅಷ್ಟು ಹೊತ್ತು ಏನು ನೋಡ್ತಾ ಇದ್ರಿ?" ಪೆನ್ನಿನ ಸದ್ದು ಕೇಳಿಸಿತು. ಏನು ಬರೆಯುತ್ತಿದ್ದಾನೆ ಎಂದು ಸಾಹೇಬರು ತಿರುಗಿ ನೋಡಬೇಕಾಗಿರಲಿಲ್ಲ. ಆ ಎರಡು ಪದ ಅವರದೇ.

"ಬರ್ಕೋ, ಪರವಾಗಿಲ್ಲ," ಅಂದರು. "ಮೊದ್ಲು ಆ ಫ್ಲಾಸ್ಕ್ ಆಚೆ ಸರಿಸಪ್ಪ."