ವಾಪಸು ಕೇಳಿದ ಬ್ರಷ್ಷುಗಳು

"ಬಲಕ್ಕೆ, ಬಲಕ್ಕೆ! ಮೇಸ್ತ್ರಿ ತಲೆ ಬಾಗಿಲಿಗೆ ತಾಗೀತು!"

ತಮಗೆ ಬಣ್ಣ ಬಳಿಯುವ ಕೆಲಸ ಕಲಿಸಿದ, ಊರೆಲ್ಲ 'ಏಣಿ ಮೇಸ್ತ್ರಿ' ಎಂದು ಕರೆಯುತ್ತಿದ್ದ ಗುರುವಿನ ಶವವನ್ನು ಶಿಷ್ಯರು ಹೊಸ್ತಿಲು ದಾಟಿಸಿದರು. ಹೊರಗೆ ಗಾಡಿ ಸಿದ್ಧವಾಗುತ್ತಿತ್ತು. ಒಳಗೆ ಮೇಸ್ತ್ರಿಯ ಹೆಂಡತಿಯ ಪಕ್ಕ ನಿಂತು ಅವಳ ನಾದಿನಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಸೊಂಟ ಮುರಿದಾಗಲೇ ಹೋಗಿದ್ರೆ ಚೆನ್ನಾಗಿತ್ತು ಅತ್ತಿಗೆ. ಒಂಬತ್ತು ವರ್ಷ ನರಳಿಬಿಟ್ಟ ನಮ್ಮಣ್ಣ."

ದೂರದಿಂದ ಬಂದವಳು, ಫೋನಿನಲ್ಲಿ ಕೇಳಿದ್ದಷ್ಟೇ ಅವಳಿಗೆ ಗೊತ್ತು. ಅಣ್ಣ ನರಳಿದ ಎಂಬ ಈ ಇಲ್ಲದ ಸಂಕಟ ಹೊತ್ತುಕೊಂಡು ಇವಳು ವಾಪಸು ಹೋಗಬಾರದು ಎಂದು ಹೆಂಡತಿಗೆ ಅನಿಸಿತು.

*

ಜೀವಮಾನವೆಲ್ಲ ಏಣಿಯ ತುದಿಯಲ್ಲಿ ಕಳೆದವರು, ಒಂಬತ್ತು ವರ್ಷದ ಹಿಂದೆ ಚಾದರ ಕಾಲಿಗೆ ಸಿಕ್ಕಿಕೊಂಡು ಮಂಚದಿಂದ ಬಿದ್ದಿದ್ದರು! ಆಸ್ಪತ್ರೆಗೆ ಬಂದ ನೆಂಟರೊಬ್ಬರು, "ಈ ವಯಸ್ಸಲ್ಲಿ ಸೊಂಟ ಮುರಿದ್ರೆ ಒಂದು ವರ್ಷ, ಅಷ್ಟೇ" ಎಂದು ಧೈರ್ಯ ಹೇಳಿ ಹೋದರು. ಮೇಸ್ತ್ರಿ ಮಾರನೇ ದಿನವೇ ಶಿಷ್ಯರನ್ನು ಕರೆಸಿ ತಮ್ಮ ಬ್ರಷ್ಷುಗಳನ್ನೆಲ್ಲ ಹಂಚಿಬಿಟ್ಟರು.

ಇದನ್ನು ಕೇಳಿ ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಬೀಳೋ ಮುಂಚೆ ಹೇಗಿದ್ರಿ ಅನ್ನೋದೇ ಮುಖ್ಯ. ಹೃದಯ ಸೋತಿದ್ರೆ, ಸಕ್ಕರೆ ಕಾಯಿಲೆ ಇದ್ದಿದ್ರೆ ನಂಗೂ ಭಯ ಇರ್ತಿತ್ತು. ನಿಮ್ಮದು ಏಣಿ ಹತ್ತಿ ಇಳಿದು ಗಟ್ಟಿಯಾದ ಮೈ. ಮುರಿದಿರೋದು ಮೂಳೆ ಒಂದೇ. ಆಪರೇಷನ್ ಆಗಿದೆ, ಎದ್ದು ನಡೀರಿ."

*

"ವರ್ಷ ಕಳೀತು, ಸಾಯೋ ಲಕ್ಷಣವೇ ಇಲ್ಲ" ಎಂದು ನಾದಿನಿಗೆ ಹೇಳಿದಳು ಹೆಂಡತಿ. "ಕೋಲು ಊರ್ಕೊಂಡು ಶಿಷ್ಯರ ಮನೆ ಮನೆಗೆ ಹೋಗಿ ಬ್ರಷ್ಷೆಲ್ಲ ವಾಪಸು ಕೇಳಿದ್ರು ಕಣೇ! ನಾಚಿಕೆ ಆಗಲ್ವಾ ಅಂದೆ. 'ಬದುಕಿರೋನಿಗೆ ಎಂಥ ನಾಚಿಕೆ' ಅಂದ್ರು."

ನಾದಿನಿಗೆ ಅಳುವಿನ ನಡುವೆಯೇ ನಗು ಬಂತು. "ನೋವಿರಲಿಲ್ವಾ?"

"ಚಳಿಗಾಲದಲ್ಲಿ ಇತ್ತು. ಬಯ್ಕೊಂಡೇ ನಡೀತಿದ್ರು. ಬೀಳೋವರೆಗೂ ಊರವರ ಗೋಡೆಗೆ ಮೀಸಲಾಗಿದ್ದ ಗಂಡ, ಆಮೇಲೆ ನನ್ನ ಪಾಲಿಗೆ ಸಿಕ್ಕಿದ್ರು. ನಾನೇನು ಕೇಳಿಕೊಂಡಿರಲಿಲ್ಲ, ಯಾರೋ ಕರೆದು ಕೊಟ್ಟ ಹಾಗೆ ಬಂತು ಆ ಒಂಬತ್ತು ವರ್ಷ. ಯಾರಿಗೆ ಕೈ ಮುಗೀಲಿ ಅಂತ ಗೊತ್ತಾಗ್ತಿಲ್ಲ."

ನಾದಿನಿ ಕಣ್ಣೊರೆಸಿಕೊಂಡು ಗೋಡೆ ನೋಡಿದಳು. ಕೆಳಗೆಲ್ಲ ನುಣುಪು, ಸೂರಿನ ಹತ್ತಿರ ಮಾತ್ರ ಬಣ್ಣ ಸೊಟ್ಟಸೊಟ್ಟ.

"ಮೇಲಿನದು ಅಣ್ಣನ ಕೈ ಅಲ್ಲ."

"ನಂದು. ಏಣಿ ಹತ್ತಿದ್ದು ನಾನು."

"ಈ ವಯಸ್ಸಲ್ಲಿ? ಹೆದರಿಕೆ ಆಗ್ಲಿಲ್ವಾ ಅತ್ತಿಗೆ?"

"ಕೆಳಗೆ ಅವರು ಏಣಿ ಹಿಡ್ಕೊಂಡು ಕೂತಿದ್ರಲ್ಲ."

ಗೋಡೆಯ ಬುಡದಲ್ಲಿ ಬಣ್ಣದ ಹನಿಗಳು ಹಾಗೇ ಒಣಗಿದ್ದವು. ಅವುಗಳ ನಡುವೆ ಏಣಿಯ ಕಾಲು ಊರಿದ್ದ ಎರಡು ಗುರುತು, ಅವಕ್ಕೆ ಒತ್ತಿಕೊಂಡೇ ಕುರ್ಚಿಯ ನಾಲ್ಕು ಗುರುತು. ಆ ಗುರುತು ತುಳಿಯದಂತೆ ನಾದಿನಿ ಮೆಲ್ಲಗೆ ತನ್ನ ಕಾಲನ್ನು ಹಿಂದಕ್ಕೆಳೆದುಕೊಂಡಳು.