ನಕ್ಷೆಯಲ್ಲಿಲ್ಲದ ವಾಲ್ವ್

ನೀರು ಸರಬರಾಜಿನ ಎಂಜಿನಿಯರ್ ಹೊಸ್ತಿಲೊಳಗೆ ಒಂದು ಕಾಲಿಟ್ಟಿದ್ದನಷ್ಟೆ, ಸತ್ತವನ ಹೆಂಡತಿ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು.

"ಹೂ ತಂದಿದ್ರೆ ಒಳಗೆ ಬನ್ನಿ. ಆಫೀಸು ತಂದಿದ್ರೆ ಹೊರಗೇ ಇರಿ."

ಅವನ ಕಂಕುಳಲ್ಲಿದ್ದದ್ದು ಸುರುಳಿ ಸುತ್ತಿದ ನಕ್ಷೆ. ನಡುಮನೆಯಲ್ಲಿ ಶವಪೆಟ್ಟಿಗೆಯ ಮುಚ್ಚಳ ಹಾಕಿ ಆಗಿತ್ತು. ಹನ್ನೊಂದಕ್ಕೆ ಗಾಡಿ ಬರಬೇಕು, ಆಗಲೇ ಹತ್ತೂವರೆ.

ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟ ನೀರಣ್ಣ ಪೆಟ್ಟಿಗೆಯೊಳಗೆ ಮಲಗಿದ್ದ. ಯಾವ ಬೀದಿಗೆ ಯಾವ ವಾಲ್ವ್, ಎಷ್ಟು ಸುತ್ತು ಎಂಬುದೆಲ್ಲ ಅವನಿಗೆ ನೀರು ಕುಡಿದಷ್ಟು ಸುಲಭ, ಬೇರೆಯವರಿಗೆ ಕಬ್ಬಿಣದ ಕಡಲೆ. ಕಲಿಸಿದರೆ ಕೆಲಸ ಹೋದೀತೆಂದು ಯಾರಿಗೂ ಕಲಿಸಲಿಲ್ಲ. ಕಲಿಸದ್ದರಿಂದ ರಜೆಯೂ ಸಿಗಲಿಲ್ಲ. ಮಗಳು ಹುಟ್ಟಿದ ದಿನವೂ ಎಲ್ಲೋ ಪೈಪು ಒಡೆದಿತ್ತು.

ಎಂಜಿನಿಯರ್ ನಿಂತಲ್ಲಿಂದಲೇ ಹೇಳಿಕೊಂಡ. ಗುಡ್ಡದ ಆಸ್ಪತ್ರೆಗೆ ನಿನ್ನೆಯಿಂದ ನೀರು ಹತ್ತುತ್ತಿಲ್ಲ. ನಕ್ಷೆಯಲ್ಲಿರುವ ಎರಡೂ ವಾಲ್ವ್ ಮುಚ್ಚಿದರೂ ನೀರೆಲ್ಲ ಕೆಳಗಿನ ಬೀದಿಗೇ ಹರಿಯುತ್ತಿದೆ. ಮೂರನೆಯದೊಂದು ಇರಲೇಬೇಕು. ಮನೆಯಲ್ಲಿ ಏನಾದರೂ ಹೇಳಿದ್ದರೇ ಎಂದು ಕೇಳಿದ.

"ಮನೇಲಿದ್ರೆ ತಾನೆ ಹೇಳೋಕೆ," ಅಂದಳು ಅವಳು. ಆಮೇಲೆ ಮೂಲೆಯಲ್ಲಿ ಕುಳಿತಿದ್ದ ಗಂಡನ ಅಕ್ಕನ ಕಡೆ ತಿರುಗಿದಳು. "ಭಾನುವಾರ ಮಾತ್ರ ನಮ್ಮೋರಾಗಿದ್ರು ಅತ್ತಿಗೆ. ಮಗಳ ಕೈ ಹಿಡ್ಕೊಂಡು ಪಾರ್ಕಿಗೆ ಹೋಗೋರು. ಅದೊಂದಕ್ಕೇ ಮಿಕ್ಕಿದ್ದೆಲ್ಲ ಹೊಟ್ಟೆಗೆ ಹಾಕ್ಕೊಂಡೆ."

ಗೋಡೆಗೊರಗಿದ್ದ ಮಗಳು ಅಮ್ಮನ ಮುಖದಿಂದ ಕಣ್ಣು ತೆಗೆದಳು.

* * *

ನೀರಿಗೆ ಭಾನುವಾರವೆಂಬುದಿಲ್ಲ. ಅಪ್ಪ ಪಾರ್ಕಿನ ಗೇಟಿನವರೆಗೆ ಕರೆದೊಯ್ದು, ಅಲ್ಲಿಂದ ಶಾಲೆಯ ಹಿಂದಿನ ಓಣಿಗೆ ತಿರುಗುತ್ತಿದ್ದ. ಚಪ್ಪಡಿ ಸರಿಸಿ, ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಇಳಿಸಿ, ಎಣಿಸು ಎನ್ನುತ್ತಿದ್ದ. ಆಗ ಏಳು ವರ್ಷದ ಅವಳು ಹದಿನೆಂಟು ಸುತ್ತು ತಪ್ಪದೆ ಎಣಿಸುತ್ತಿದ್ದಳು.

"ಅಮ್ಮ ಕೇಳಿದ್ರೆ ಜಾರುಬಂಡೆ ಆಡ್ದೆ ಅನ್ನು. ಪಾಪ, ಅವಳಿಗೆ ಇಷ್ಟಾದ್ರೂ ಸಂತೋಷ ಇರ್ಲಿ."

ಅವಳು ಆಡದ ಜಾರುಬಂಡೆಯ ಕತೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಳು. ಅಮ್ಮ ನಗುತ್ತಿದ್ದಳು. ಸುಳ್ಳೋ ನಿಜವೋ, ಆ ಹೊತ್ತಿನಲ್ಲಿ ಅಪ್ಪ ಪಕ್ಕದಲ್ಲಿರುತ್ತಿದ್ದ. ಮಗಳಿಗೆ ಅಷ್ಟು ಸಾಕಾಗಿತ್ತು.

* * *

ಗಾಡಿ ಬಂದು ನಿಂತಿತು. ಎಂಜಿನಿಯರ್ ಫೋನು ಕಿವಿಯಿಂದ ತೆಗೆದು, ಆಸ್ಪತ್ರೆಯ ಟ್ಯಾಂಕೂ ಬರಿದಾಗಿ ಆಪರೇಷನ್ ಅರ್ಧಕ್ಕೆ ನಿಂತಿದೆಯಂತೆ ಎಂದ.

ಹೇಳಿದರೆ ಅಮ್ಮನಿಗೆ ಉಳಿದಿದ್ದ ಭಾನುವಾರವೂ ಹೋಗುತ್ತದೆ, ಅದೂ ಇವತ್ತೇ. ಹೇಳದಿದ್ದರೆ ಗುಡ್ಡದ ಮೇಲೆ ಯಾರದೋ ಅಮ್ಮ ಮೇಜಿನ ಮೇಲೆ ಮಲಗಿರಬಹುದು.

"ಶಾಲೆ ಹಿಂದೆ ಇದೆ," ಅಂದಳು ಮಗಳು. "ಚಪ್ಪಡಿ ಕೆಳಗೆ. ಹದಿನೆಂಟು ಸುತ್ತು."

"ನಿಂಗೆ ಹೇಗೆ ಗೊತ್ತು?" ಕೇಳಿದ್ದು ಅಮ್ಮ.

"ಭಾನುವಾರ ಹೋಗ್ತಿದ್ದದ್ದು ಅಲ್ಲಿಗೇ ಅಮ್ಮ."

"ಜಾರುಬಂಡೆ?"

ಮಗಳು ತಲೆ ತಗ್ಗಿಸಿದಳು. ಅಮ್ಮ ಪೆಟ್ಟಿಗೆಯನ್ನು ದುರುಗುಟ್ಟಿ ನೋಡಿದಳು. ಮೈಯೆಲ್ಲ ಸಿಟ್ಟು, ಜಗಳವಾಡೋಣವೆಂದರೆ ಎದುರಿಗೆ ಆಳಿಲ್ಲ.

ಎಂಜಿನಿಯರ್ ಆಗಲೇ ಫೋನಿನಲ್ಲಿ ಕೆಲಸದವರಿಗೆ ಜಾಗ ತಿಳಿಸಿ ಮೆಟ್ಟಿಲಿಳಿಯುತ್ತಿದ್ದ.

"ನಿಲ್ಲಿ," ಅಂದಳು ಅಮ್ಮ. "ನಕ್ಷೇಲೂ ಹಾಕಿ, ನನ್ನೆದುರಿಗೇ. ನಾಳೆ ಇನ್ನೊಬ್ಬಳ ಬಾಗಿಲಿಗೆ ನೀವು ಹೀಗೆ ಬರಬಾರ್ದು."

ಜನ ನೆಲದ ಮೇಲೆ ಕೂರಲೆಂದು ಮೇಜು ಕುರ್ಚಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದ್ದರು. ಅಷ್ಟು ದೊಡ್ಡ ಹಾಳೆ ಬಿಡಿಸಲು ಜಾಗ ಕಾಣದೆ ಎಂಜಿನಿಯರ್ ತಡವರಿಸಿದ. ಅವಳೇ ಪೆಟ್ಟಿಗೆಯ ಮೇಲಿನ ಹೂಗಳನ್ನು ಬದಿಗೆ ಸರಿಸಿ ನಕ್ಷೆ ಹಾಸಿದಳು. ಸುತ್ತಿಕೊಳ್ಳುತ್ತಿದ್ದ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದಳು. ಮಗಳು ಬೆರಳಿಟ್ಟಲ್ಲಿ ಎಂಜಿನಿಯರ್ ಕೆಂಪು ಪೆನ್ನಿನಿಂದ ಸೊನ್ನೆ ಸುತ್ತಿದ. ಪ್ರತಿ ವಾಲ್ವಿಗೂ ಒಂದು ಹೆಸರು ಬೇಕು, ಏನು ಬರೆಯಲಿ ಎಂದು ಮೆಲ್ಲಗೆ ಕೇಳಿದ.

"ಭಾನುವಾರ ಅಂತ ಬರೀರಿ," ಅಂದಳು ಅಮ್ಮ.

ಅವನು ಪೆಟ್ಟಿಗೆಯ ಮೇಲೆ ಬಾಗಿ ಬರೆದು ಮುಗಿಸುವವರೆಗೂ ಅವಳು ಕೈ ತೆಗೆಯಲಿಲ್ಲ.